ಬಾಣಸಿಗನ ವೇಷ: 'ಬಾವರ್ಚಿ' ಚಿತ್ರ ಮತ್ತು ಪ್ರೇಕ್ಷಕರ ಭಿನ್ನಾಭಿಪ್ರಾಯ

1. ಪ್ರವೇಶ

ಹೃಷಿಕೇಶ ಮುಖರ್ಜಿಯವರ ನಿರ್ದೇಶನದಲ್ಲಿ 1972ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಬಾವರ್ಚಿ'ಯು ಭಾರತೀಯ ಚಲನಚಿತ್ರ ಪರಂಪರೆಯಲ್ಲಿ ಒಂದು ವಿಲಕ್ಷಣ ಕೃತಿ. ಇದರಲ್ಲಿ ಖಳನಾಯಕನಿಲ್ಲ, ಹೊಡೆದಾಟವಿಲ್ಲ, ನಾಯಕನಿಗೆ ನಾಯಕಿಯಿಲ್ಲ. ಆ ಕಾಲದ ಹಿಂದಿ ಚಿತ್ರರಂಗದ ಅತ್ಯಂತ ಜನಪ್ರಿಯ ನಟ ರಾಜೇಶ್ ಖನ್ನಾ ಅರೆಚಡ್ಡಿ ತೊಟ್ಟು, ತಲೆಗೆ ಟೋಪಿಯಿಟ್ಟು, ಸೌಟು ಹಿಡಿದು ನಿಲ್ಲುತ್ತಾರೆ. ಶೀರ್ಷಿಕೆಯ ಭಾಗದಲ್ಲಿ ಕಲಾವಿದರ ಹೆಸರುಗಳು ಬರಹದಲ್ಲಿ ಮೂಡುವುದಿಲ್ಲ. ಅಮಿತಾಭ್ ಬಚ್ಚನ್ ಅವರ ಧ್ವನಿ ಅವುಗಳನ್ನು ನಾಟಕದ ಸೂತ್ರಧಾರನಂತೆ ಓದಿ ಹೇಳುತ್ತದೆ. ಹೀಗೆ ಆರಂಭದಲ್ಲಿಯೇ ಚಿತ್ರವು ತಾನು ವಾಸ್ತವದ ಪ್ರತಿಕೃತಿಯಲ್ಲ, ಕಟ್ಟಿ ಹೇಳಿದ ಕಥೆ ಎಂಬುದನ್ನು ಸೂಚಿಸಿಬಿಡುತ್ತದೆ.

ಈ ಚಿತ್ರವನ್ನು ನೋಡಿದವರಲ್ಲಿ ಎರಡು ಪಂಗಡಗಳನ್ನು ಗುರುತಿಸಬಹುದು. ಇದೊಂದು ನಿರ್ಮಲವಾದ ಕೌಟುಂಬಿಕ ಹಾಸ್ಯಚಿತ್ರವೆಂದೂ, ಯಾವ ಕೆಲಸವೂ ಕೀಳಲ್ಲವೆಂಬ ಮೌಲ್ಯವನ್ನು ಉಪದೇಶದ ಭಾರವಿಲ್ಲದೆ ಮನಗಾಣಿಸುವ ಕೃತಿಯೆಂದೂ ಮೆಚ್ಚುವವರು ಮೊದಲನೆಯ ಪಂಗಡದವರು. ಒಡೆದು ಹೋಗಬೇಕಾಗಿದ್ದ ಅವಿಭಕ್ತ ಕುಟುಂಬವೊಂದಕ್ಕೆ ತೇಪೆ ಹಾಕಿ, ಸೇವಕನ ನಿಸ್ವಾರ್ಥತೆಯನ್ನು ವೈಭವೀಕರಿಸಿ, ಕೊನೆಗೆ ಆ ಸೇವಕ ಸೇವಕನೇ ಅಲ್ಲವೆಂದು ಸಾರುವ ಜಾಣತನದ ಚಿತ್ರವಿದು ಎಂದು ಆಕ್ಷೇಪಿಸುವವರು ಎರಡನೆಯ ಪಂಗಡದವರು. ಈ ಭಿನ್ನಾಭಿಪ್ರಾಯವನ್ನು ಸಾಮಾನ್ಯವಾಗಿ ಅಭಿರುಚಿಯ ವ್ಯತ್ಯಾಸವೆಂದೋ ತಲೆಮಾರಿನ ವ್ಯತ್ಯಾಸವೆಂದೋ ತಳ್ಳಿಹಾಕಲಾಗುತ್ತದೆ. ಆದರೆ ಅದರ ಮೂಲವಿರುವುದು ಪ್ರೇಕ್ಷಕರಲ್ಲಿ ಅಲ್ಲ, ಚಿತ್ರದ ರಚನೆಯೊಳಗಿನ ಒಂದು ಬಿರುಕಿನಲ್ಲಿ ಎಂಬುದು ಪ್ರಸ್ತುತ ಪ್ರಬಂಧದ ನಿಲುವು. ಆ ಬಿರುಕು ಒಬ್ಬ ನಿರ್ದೇಶಕರ ದೋಷವೂ ಅಲ್ಲ. ಅಡುಗೆಯವನನ್ನು ಕುರಿತು ನಮ್ಮ ಸಂಸ್ಕೃತಿಯಲ್ಲಿ ಬಹುಕಾಲದಿಂದ ಇರುವ ಇಬ್ಬಂದಿತನವೇ ಅಲ್ಲಿ ಕಾಣಿಸಿಕೊಂಡಿದೆ. ಇದನ್ನು ತಪನ್ ಸಿನ್ಹಾ ಅವರ ಮೂಲ ಬಂಗಾಳಿ ಚಿತ್ರದೊಡನೆಯೂ, ಕನ್ನಡ ರೂಪಾಂತರದೊಡನೆಯೂ, ಕನ್ನಡ ಓದುಗರಿಗೆ ಪರಿಚಿತವಾದ ಕಾವ್ಯಸಂದರ್ಭಗಳೊಡನೆಯೂ ಇಟ್ಟು ನೋಡುವುದು ಇಲ್ಲಿನ ಉದ್ದೇಶ.

2. ಕಥನದ ಸ್ವರೂಪ

ಚಿತ್ರದ ಮನೆಯ ಹೆಸರು 'ಶಾಂತಿ ನಿವಾಸ'. ಹೆಸರಿಗೂ ವಾಸ್ತವಕ್ಕೂ ಇರುವ ಅಂತರವೇ ಅದರ ಮೊದಲ ಹಾಸ್ಯ. ಮನೆಯ ಹಿರಿಯ ಶಿವನಾಥ ಶರ್ಮರ ಪಾತ್ರವನ್ನು ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರು ವಹಿಸಿದ್ದಾರೆ. ಎ.ಕೆ. ಹಾನಗಲ್, ಕಾಲಿ ಬ್ಯಾನರ್ಜಿ ಮತ್ತು ಅಸ್ರಾನಿ ಅವರ ಮಕ್ಕಳು. ದುರ್ಗಾ ಖೋಟೆ ಮತ್ತು ಉಷಾ ಕಿರಣ್ ಸೊಸೆಯರು. ತೀರಿಹೋದ ಮಗನ ಅನಾಥ ಪುತ್ರಿ ಕೃಷ್ಣೆಯ ಪಾತ್ರದಲ್ಲಿ ಜಯಾ ಭಾದುರಿ ಇದ್ದಾರೆ. ಬೆಳಗಿನ ಚಹಾ ಯಾರು ಮಾಡಬೇಕೆಂಬುದೇ ಈ ಮನೆಯಲ್ಲಿ ದಿನನಿತ್ಯದ ಜಗಳಕ್ಕೆ ನಾಂದಿ. ಅಡುಗೆಯವರು ಯಾರೂ ಇಲ್ಲಿ ನಿಲ್ಲುವುದಿಲ್ಲ. ಮನೆಯ ಅಪಕೀರ್ತಿ ಊರಿಗೆಲ್ಲ ಹಬ್ಬಿರುವುದರಿಂದ ಹೊಸಬರು ಬರುವುದೂ ಇಲ್ಲ. ಹೀಗಾಗಿ ಮನೆಗೆಲಸದ ಹೊರೆಯೆಲ್ಲ ಬೀಳುವುದು ಕೃಷ್ಣೆಯ ಮೇಲೆ.

ಇಂತಹ ಮನೆಗೆ ಯಾರೂ ಕರೆಯದೆ ರಘು ಬರುತ್ತಾನೆ. ಕೊಡಲು ಒಪ್ಪಿದ ಸಂಬಳಕ್ಕಿಂತ ಕಡಿಮೆ ಸಾಕೆನ್ನುತ್ತಾನೆ. ಅವನು ಅಡುಗೆಯಲ್ಲಿ ನಿಪುಣ. ಅಷ್ಟೇ ಅಲ್ಲದೆ ಸಂಗೀತ, ನೃತ್ಯ, ತತ್ತ್ವಚಿಂತನೆ ಎಲ್ಲವನ್ನೂ ಬಲ್ಲವನು. ಇವೆಲ್ಲ ಎಲ್ಲಿಂದ ಬಂದುವೆಂದು ಕೇಳಿದರೆ, ಹಿಂದೆ ತಾನು ಇಂತಿಂತಹ ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದೆ ಎಂಬುದೇ ಅವನ ಉತ್ತರ. ಒಬ್ಬರ ಬಗ್ಗೆ ಮತ್ತೊಬ್ಬರು ಒಳ್ಳೆಯ ಮಾತಾಡಿದರೆಂದು ಹೇಳಿ ಮನಸ್ಸುಗಳನ್ನು ಬೆಸೆಯುತ್ತಾನೆ; ಕೃಷ್ಣೆಯ ಪ್ರತಿಭೆಯನ್ನು ಗುರುತಿಸುತ್ತಾನೆ; ಮನೆಯವರು ಪರಸ್ಪರರ ಕೆಲಸ ಹಂಚಿಕೊಳ್ಳುವಂತೆ ಮಾಡುತ್ತಾನೆ. ಕೈಫಿ ಆಜ್ಮಿಯವರ ಸಾಹಿತ್ಯಕ್ಕೆ ಮದನ ಮೋಹನರು ಸಂಯೋಜಿಸಿದ ಬೆಳಗಿನ ಹಾಡು ಈ ಪರಿವರ್ತನೆಯ ಶಿಖರ. ಮನ್ನಾ ಡೇ, ಕಿಶೋರ್ ಕುಮಾರ್, ಲಕ್ಷ್ಮೀ ಶಂಕರ್, ನಿರ್ಮಲಾ ದೇವಿ ಇವರೊಡನೆ ಹರೀಂದ್ರನಾಥರೂ ಅದರಲ್ಲಿ ದನಿಗೂಡಿಸಿದ್ದಾರೆ. ಬೇರೆ ಬೇರೆ ಶಾರೀರಗಳು ಒಂದೇ ರಾಗದೊಳಗೆ ಸೇರುವುದೇ ಕುಟುಂಬ ಒಂದಾದುದರ ಕುರುಹಾಗುತ್ತದೆ.

ಒಂದು ದಿನ ರಘು ಕಾಣೆಯಾಗುತ್ತಾನೆ. ಹಿರಿಯರು ಜೋಪಾನ ಮಾಡಿದ್ದ ಒಡವೆಯ ಪೆಟ್ಟಿಗೆಯೂ ಕಾಣೆಯಾಗುತ್ತದೆ. ನಿನ್ನೆಯವರೆಗೆ ದೇವರಂತಿದ್ದವನು ಇಂದು ಕಳ್ಳ. ಮನೆಯವರು ಒಪ್ಪದಿದ್ದ ಕೃಷ್ಣೆಯ ಪ್ರಿಯಕರ ಅರುಣ ಆ ಪೆಟ್ಟಿಗೆಯನ್ನು ತಂದೊಪ್ಪಿಸಿ, ಕಳ್ಳನೊಡನೆ ಸೆಣಸಿ ಪಡೆದೆನೆನ್ನುತ್ತಾನೆ. ಆ ಉಪಕಾರದಿಂದ ಅವರಿಬ್ಬರ ಮದುವೆಗೆ ದಾರಿಯಾಗುತ್ತದೆ. ಇದೂ ರಘುವಿನ ಉಪಾಯವೇ ಎಂಬುದು ಬಳಿಕ ಬಯಲಾಗುತ್ತದೆ. ಅದರೊಡನೆ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ರಘು ಅಡುಗೆಯವನಲ್ಲ, ಪ್ರೊಫೆಸರ್ ಪ್ರಭಾಕರ್. ಒಡೆಯುತ್ತಿರುವ ಕುಟುಂಬಗಳನ್ನು ಉಳಿಸಲೆಂದೇ ಆತ ಈ ವೇಷ ಧರಿಸಿದವನು. ಕೊನೆಯ ದೃಶ್ಯದಲ್ಲಿ ಅವನು ಮತ್ತೊಂದು ಮನೆಯ ಕಡೆಗೆ ಹೊರಟಿರುತ್ತಾನೆ.

3. ಎರಡು ಓದುಗಳು ಮತ್ತು ಒಂದು ಬಿರುಕು

ಮೆಚ್ಚುವವರ ವಾದಕ್ಕೆ ಚಿತ್ರದಲ್ಲಿ ಗಟ್ಟಿಯಾದ ಆಧಾರಗಳಿವೆ. ಗುಲ್ಜಾರರ ಸಂಭಾಷಣೆಯಲ್ಲಿ ರಘು ಆಡುವ ಒಂದು ಮಾತು ಪ್ರಸಿದ್ಧವಾಗಿದೆ: ಸಂತೋಷವಾಗಿರುವುದು ಸರಳ, ಸರಳವಾಗಿರುವುದೇ ಕಷ್ಟ ಎಂಬುದು ಅದರ ತಾತ್ಪರ್ಯ. ಚಿತ್ರದ ನಡೆಯೂ ಈ ಮಾತಿಗೆ ತಕ್ಕುದಾಗಿದೆ. ಕ್ಯಾಮೆರಾ ಭಕ್ಷ್ಯಗಳನ್ನು ಮೆರೆಸುವುದಿಲ್ಲ; ಉಣ್ಣುವವರ ಮುಖಗಳನ್ನು ತೋರಿಸುತ್ತದೆ. ಪಾಕದ ಫಲ ನಾಲಗೆಯ ಮೇಲಲ್ಲ, ಮನುಷ್ಯ ಸಂಬಂಧಗಳಲ್ಲಿ ಕಾಣಬೇಕೆಂಬುದು ಅದರ ನಂಬಿಕೆ. ಅಡುಗೆಮನೆಯೆಂಬ ನಿರ್ಲಕ್ಷಿತ ಸ್ಥಳವನ್ನು ಕಥನದ ಕೇಂದ್ರಕ್ಕೆ ತಂದು, ಅಲ್ಲಿ ದುಡಿಯುವವನ ಬಾಯಲ್ಲಿ ವಿವೇಕದ ಮಾತುಗಳನ್ನಾಡಿಸಿ, ಮೇಲ್ಜಾತಿಯ ಮಧ್ಯಮವರ್ಗದ ಕುಟುಂಬವೊಂದು ಅವನಿಂದ ಕಲಿಯುವಂತೆ ಮಾಡಿದ್ದು 1972ರ ಸಂದರ್ಭದಲ್ಲಿ ಸಣ್ಣ ಸಾಧನೆಯಲ್ಲ.

ಆಕ್ಷೇಪಿಸುವವರ ವಾದವೂ ಅಷ್ಟೇ ಸಾಧಾರವಾದುದು. ಅಡುಗೆಯ ಕೆಲಸಕ್ಕೆ ಘನತೆಯಿದೆ ಎಂಬುದು ಚಿತ್ರದ ಪ್ರತಿಪಾದನೆಯಾಗಿದ್ದರೆ, ರಘು ಕೊನೆಯವರೆಗೂ ಅಡುಗೆಯವನಾಗಿಯೇ ಉಳಿಯಬೇಕಾಗಿತ್ತು. ಅವನ ಜ್ಞಾನಕ್ಕೆ ವಿಶ್ವವಿದ್ಯಾಲಯದ ಪದವಿಯ ಸಮರ್ಥನೆ ದೊರೆತ ಕ್ಷಣದಲ್ಲಿಯೇ, ನಿಜವಾದ ಅಡುಗೆಯವನಿಗೆ ಇಂತಹ ವಿವೇಕ ಇರಲಾರದೆಂಬ ಅರ್ಥವೂ ಹೊರಡುತ್ತದೆ. ಕಡಿಮೆ ಸಂಬಳ ಸಾಕೆನ್ನುವ ಅವನ ಔದಾರ್ಯದ ಅರ್ಥವೂ ಆಗ ಬದಲಾಗುತ್ತದೆ. ಬೇರೊಂದು ಜೀವನಾಧಾರವಿರುವವನು ಸಂಬಳ ಬಿಟ್ಟುಕೊಡುವುದು ತ್ಯಾಗವಾಗಬಹುದು. ಆದರೆ ಅದನ್ನು ಆದರ್ಶ ಸೇವಕನ ಲಕ್ಷಣವೆಂದು ತೋರಿಸಿದಾಗ, ದುಡಿಮೆಯೊಂದನ್ನೇ ನಂಬಿದವನು ನ್ಯಾಯವಾದ ಕೂಲಿ ಕೇಳುವುದು ದುರಾಸೆಯಂತೆ ಕಾಣತೊಡಗುತ್ತದೆ. ಹಿಂದೆ ಆ ಮನೆಯನ್ನು ಬಿಟ್ಟು ಹೋದ ಅಡುಗೆಯವರ ಪಕ್ಷವನ್ನು ಚಿತ್ರ ಹೇಳುವುದೇ ಇಲ್ಲ. ಅವರಿಗೆ ಹೆಸರೂ ಇಲ್ಲ, ಹಿನ್ನೆಲೆಯೂ ಇಲ್ಲ. ಅವರೂ ಪ್ರೊಫೆಸರುಗಳಾಗಿದ್ದರೆ ಬಹುಶಃ ನಿಲ್ಲುತ್ತಿದ್ದರು.

ಈ ಎರಡು ಓದುಗಳೂ ಒಂದೇ ಪಠ್ಯದ ಬೇರೆ ಬೇರೆ ಭಾಗಗಳನ್ನು ನೆಚ್ಚಿಕೊಂಡಿವೆ ಎಂಬುದು ಗಮನಾರ್ಹ. ಮೊದಲನೆಯದು ಚಿತ್ರದ ಬಹುಭಾಗವನ್ನು ಆಧರಿಸಿದರೆ, ಎರಡನೆಯದು ಕೊನೆಯ ಕೆಲವು ನಿಮಿಷಗಳ ಬೆಳಕಿನಲ್ಲಿ ಹಿಂದಿನದನ್ನೆಲ್ಲ ಮರಳಿ ಓದುತ್ತದೆ. ವೇಷ ಕಳಚುವ ಪ್ರಸಂಗವು ಹಿಂದಿನ ಘಟನೆಗಳನ್ನು ಪೂರ್ಣಗೊಳಿಸುತ್ತದೆಯೋ ರದ್ದುಪಡಿಸುತ್ತದೆಯೋ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ನಿರ್ದೇಶಕರ ಇನ್ನೊಂದು ಚಿತ್ರದ ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. 1975ರ 'ಚುಪ್ಕೆ ಚುಪ್ಕೆ'ಯಲ್ಲಿಯೂ ಸಸ್ಯಶಾಸ್ತ್ರದ ಪ್ರಾಧ್ಯಾಪಕನೊಬ್ಬ ಕಾರು ಚಾಲಕನ ವೇಷ ಹಾಕುತ್ತಾನೆ. ಆದರೆ ಅಲ್ಲಿ ವೇಷದ ಗುಟ್ಟು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಆದುದರಿಂದ ಅದು ಶುದ್ಧ ವಿನೋದವಾಗುತ್ತದೆ. ಚಾಲಕನ ವೃತ್ತಿಯ ಬಗ್ಗೆ ಚಿತ್ರ ಯಾವ ವಚನವನ್ನೂ ಕೊಟ್ಟಿರುವುದಿಲ್ಲ, ಮುರಿಯುವುದೂ ಇಲ್ಲ. 'ಬಾವರ್ಚಿ' ವಚನ ಕೊಟ್ಟು ಹಿಂತೆಗೆದುಕೊಂಡಂತೆ ತೋರುವುದರಿಂದಲೇ ಪ್ರೇಕ್ಷಕರು ಇಬ್ಭಾಗವಾಗುತ್ತಾರೆ.

4. ನಳ, ಭೀಮ ಮತ್ತು ಬಾಣಸಿನ ಮನೆ

ಕನ್ನಡದ ಓದುಗನಿಗೆ ಈ ಕಥನವಿನ್ಯಾಸ ಹೊಸದೇನಲ್ಲ. ರುಚಿಕಟ್ಟಾದ ಅಡುಗೆಯನ್ನು ಹೊಗಳಲು ನಮ್ಮಲ್ಲಿರುವ ಎರಡು ಮಾತುಗಳು ನಳಪಾಕ ಮತ್ತು ಭೀಮಪಾಕ. ಇಬ್ಬರೂ ವೃತ್ತಿಯಿಂದ ಅಡುಗೆಯವರಲ್ಲ. ನಿಷಧದ ಅರಸ ನಳನು ರಾಜ್ಯಭ್ರಷ್ಟನಾಗಿ, ರೂಪ ಕೆಟ್ಟು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಆಶ್ರಯದಲ್ಲಿರುತ್ತಾನೆ. ಭೀಮನು ಅಜ್ಞಾತವಾಸದಲ್ಲಿ ವಲಲನೆಂಬ ಹೆಸರಿನಿಂದ ವಿರಾಟನ ಬಾಣಸಿನ ಮನೆಯಲ್ಲಿರುತ್ತಾನೆ. ಅಡುಗೆಮನೆ ಅರಸುಮಕ್ಕಳು ಅಡಗಿಕೊಳ್ಳಲು ತಕ್ಕ ತಾಣವಾದುದು ಏಕೆ? ಬಡಿಸಿದ್ದನ್ನು ಎಲ್ಲರೂ ಉಣ್ಣುತ್ತಾರೆ, ಬಡಿಸಿದವನ ಮುಖವನ್ನು ಯಾರೂ ನೋಡುವುದಿಲ್ಲ ಎಂಬುದೇ ಅದಕ್ಕೆ ಕಾರಣವೆಂದು ತೋರುತ್ತದೆ.

ಭಾರತದ ಕಥೆಯಲ್ಲಿ ಭೀಮನು ತಾನು ಹಿಂದೆ ಯುಧಿಷ್ಠಿರನ ಅರಮನೆಯಲ್ಲಿ ಅಡುಗೆಯವನಾಗಿದ್ದೆನೆಂದು ಹೇಳಿಕೊಂಡು ವಿರಾಟನಲ್ಲಿ ಕೆಲಸ ಗಳಿಸುತ್ತಾನೆ. ದೊಡ್ಡವರ ಮನೆಗಳ ಹೆಸರು ಹೇಳುವ ರಘುವಿನ ಪೂರ್ವಜ ಇವನೇ. ಬಾಹುಕನ ಪ್ರಸಂಗದಲ್ಲಿಯಂತೂ ಪಾಕವೇ ಗುರುತಿನ ಸಾಧನವಾಗಿದೆ. ಅವನು ಮಾಡಿದ ಅಡುಗೆಯನ್ನು ಕೇಶಿನಿಯ ಮೂಲಕ ತರಿಸಿಕೊಂಡು ರುಚಿ ನೋಡಿದ ದಮಯಂತಿ ತನ್ನ ಗಂಡನನ್ನು ಕಂಡುಕೊಳ್ಳುತ್ತಾಳೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಆಪ್ತವಾದ ಈ ಕಥೆಯಲ್ಲಿ ರುಚಿ ಒಂದು ಹಸ್ತಾಕ್ಷರದಂತೆ ಕೆಲಸ ಮಾಡುತ್ತದೆ. ಆದರೆ ಆ ಹಸ್ತಾಕ್ಷರ ಅರಸನದು, ಅಡುಗೆಯವನದಲ್ಲ. ಗುರುತು ಸಿಕ್ಕ ಮೇಲೆ ನಳ ಸಿಂಹಾಸನಕ್ಕೆ ಮರಳುತ್ತಾನೆ. ವಲಲ ಮತ್ತೆ ಗದೆ ಹಿಡಿಯುತ್ತಾನೆ. ಸೌಟು ಯಾರ ಕೈಗೆ ಹೋಯಿತೆಂದು ಕಾವ್ಯ ಹೇಳುವುದಿಲ್ಲ.

ಶಾಸ್ತ್ರಗ್ರಂಥಗಳ ಕಡೆಗೆ ನೋಡಿದರೂ ಇದೇ ಬಗೆಯ ವಿನ್ಯಾಸ ಕಾಣುತ್ತದೆ. ಪಾಕವಿದ್ಯೆಯನ್ನು ವಿವರವಾಗಿ ಹೇಳುವ ಸಂಸ್ಕೃತ 'ಮಾನಸೋಲ್ಲಾಸ'ದ ಕರ್ತೃ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹದಿನಾರನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ರಚಿಸಿದ ಮಂಗರಸ ಕಲ್ಲಹಳ್ಳಿಯ ಒಡೆಯ. ಪಾಕಶಾಸ್ತ್ರಕ್ಕೆ ಗೌರವವಿದೆ, ಅದನ್ನು ಬರೆದ ಪ್ರಭುವಿಗೆ ಗೌರವವಿದೆ. ಅವರ ಒಲೆಯ ಮುಂದೆ ನಿಂತು ಬೆಂದವರ ಹೆಸರು ಮಾತ್ರ ಉಳಿದಿಲ್ಲ. ವಿದ್ಯೆಯನ್ನು ಮೇಲಕ್ಕೆತ್ತಿ ವೃತ್ತಿಯನ್ನು ಕೆಳಗೇ ಬಿಡುವ ಈ ರೂಢಿಯ ಹಿನ್ನೆಲೆಯಲ್ಲಿ ನೋಡಿದರೆ, ರಘು ಪ್ರಭಾಕರನಾಗುವುದು ಚಿತ್ರಕಥೆಯ ತಿರುವು ಮಾತ್ರವಲ್ಲ, ಪರಂಪರೆಯ ಒತ್ತಡವೂ ಹೌದು. ಹಿಂದೆ ಅರಸನಿದ್ದ ಸ್ಥಾನದಲ್ಲಿ ಸ್ವಾತಂತ್ರ್ಯೋತ್ತರ ಭಾರತವು ಪ್ರಾಧ್ಯಾಪಕನನ್ನು ತಂದು ನಿಲ್ಲಿಸಿದೆ, ಅಷ್ಟೆ.

ಈ ರೂಢಿಗೆ ಪ್ರತಿಯಾದ ಇನ್ನೊಂದು ಧಾರೆಯೂ ಕನ್ನಡದಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡ ಮಾರಯ್ಯನಿಗೆ, ಹೆಚ್ಚಾದುದನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಶರಣ ಚರಿತ್ರೆಯಲ್ಲಿ ಸುಪ್ರಸಿದ್ಧ. ಕಡಿಮೆ ಸಂಬಳ ಕೇಳುವ ರಘುವನ್ನು ನೋಡಿದಾಗ ಕನ್ನಡ ಪ್ರೇಕ್ಷಕನಿಗೆ ಈಕೆಯ ನೆನಪಾಗುವುದು ಸಹಜ. ಆದರೆ ಎರಡರ ನಡುವಿನ ಅಂತರ ದೊಡ್ಡದು. ಲಕ್ಕಮ್ಮ ತನ್ನ ಕಾಯಕದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಉಳಿದಳು. ಅವಳ ನಿರಾಕರಣೆಗೆ ಮರೆಯಲ್ಲಿ ಬೇರೊಂದು ಗುರುತಿನ ಆಸರೆ ಇರಲಿಲ್ಲ. ಅಕ್ಕಿ ಆಯುವವಳಾಗಿಯೇ ಅವಳು ಗಂಡನಿಗೆ ವಿವೇಕ ಹೇಳಿದಳು. ಕಾಯಕದ ಘನತೆ ಎಂಬ ಮಾತಿಗೆ ಪೂರ್ಣಾರ್ಥ ಬರುವುದು ಇಲ್ಲಿ. ರಘುವಿನ ವಿಷಯದಲ್ಲಿ ಆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

5. ಮೂಲ ಮತ್ತು ರೂಪಾಂತರಗಳು

'ಬಾವರ್ಚಿ'ಯ ಮೂಲ ತಪನ್ ಸಿನ್ಹಾ ಅವರ 1966ರ ಬಂಗಾಳಿ ಚಿತ್ರ 'ಗಲ್ಪೊ ಹೊಲೇಓ ಸತ್ಯಿ'. ಕಥೆಯಾದರೂ ನಿಜ ಎಂಬುದು ಆ ಶೀರ್ಷಿಕೆಯ ಅರ್ಥ. ರಬಿ ಘೋಷ್ ಅದರಲ್ಲಿ ಧನಂಜಯನೆಂಬ ಸೇವಕನ ಪಾತ್ರ ಮಾಡಿದ್ದಾರೆ. ಧನಂಜಯ ಮುಂಜಾನೆಯ ಮಂಜಿನೊಳಗಿನಿಂದ ನಡೆದು ಬರುತ್ತಾನೆ. ಕೆಲಸ ಮುಗಿದ ಮೇಲೆ ಮಂಜಿನೊಳಗೇ ಮರೆಯಾಗುತ್ತಾನೆ. ಅವನ ಜ್ಞಾನಕ್ಕೆ ಪದವಿಯ ವಿವರಣೆ ನೀಡುವ ಅಗತ್ಯ ಆ ಚಿತ್ರಕ್ಕೆ ಕಂಡಿಲ್ಲ. ಅವನು ದೇವದೂತನೋ, ಮನೆಯವರ ಹಂಬಲವೇ ರೂಪ ತಾಳಿದುದೋ, ನಿಜಕ್ಕೂ ಅಸಾಮಾನ್ಯನಾದ ಒಬ್ಬ ಆಳೋ ಎಂಬುದನ್ನು ಪ್ರೇಕ್ಷಕನ ಊಹೆಗೆ ಬಿಡಲಾಗಿದೆ. ಈ ಅನಿಶ್ಚಿತತೆಯಿಂದ ಎರಡು ಲಾಭಗಳಾಗಿವೆ. ಮೊದಲನೆಯದಾಗಿ, ಆಳಿನ ವಿವೇಕ ಆಳಿನದಾಗಿಯೇ ಉಳಿಯುವ ಸಾಧ್ಯತೆ ತೆರೆದಿರುತ್ತದೆ. ಎರಡನೆಯದಾಗಿ, ಅವನು ಪವಾಡಪುರುಷನಾಗಿದ್ದರೆ, ಇಂತಹ ಮನೆ ಸರಿಹೋಗಲು ಪವಾಡವೇ ಬೇಕೆಂಬ ವ್ಯಂಗ್ಯವೂ ಹೊಮ್ಮುತ್ತದೆ. ಗಿಡ್ಡ ನಿಲುವಿನ, ಹಾಸ್ಯಪಾತ್ರಗಳಿಗೆ ಹೆಸರಾದ ರಬಿ ಘೋಷ್ ಅವರನ್ನು ಈ ಪಾತ್ರಕ್ಕೆ ಆರಿಸಿದುದೂ ಔಚಿತ್ಯಪೂರ್ಣ. ಜನಸಂದಣಿಯಲ್ಲಿ ಯಾರೂ ತಿರುಗಿ ನೋಡದಂತಹ ವ್ಯಕ್ತಿಯಾಗಿ ಅವರು ಕಾಣಿಸಿಕೊಳ್ಳಬಲ್ಲರು.

ರಾಜೇಶ್ ಖನ್ನಾ ಅವರಿಗೆ ಅದು ಸಾಧ್ಯವಿರಲಿಲ್ಲ. 'ಆರಾಧನಾ' ಮತ್ತು 'ಆನಂದ್' ಚಿತ್ರಗಳ ಯಶಸ್ಸಿನ ಬಳಿಕ ಅವರು ಅರೆಚಡ್ಡಿ ತೊಟ್ಟು ಬಂದ ಕೂಡಲೇ ಪ್ರೇಕ್ಷಕನಿಗೆ ಅದು ವೇಷವೆಂದು ಗೊತ್ತಾಗಿಬಿಡುತ್ತದೆ. ಚಿತ್ರಕಥೆ ಕೊನೆಯಲ್ಲಿ ಬಯಲು ಮಾಡುವ ಗುಟ್ಟನ್ನು ತಾರಾಮೌಲ್ಯ ಮೊದಲ ದೃಶ್ಯದಲ್ಲಿಯೇ ಬಯಲು ಮಾಡಿರುತ್ತದೆ. ಆದಾಗ್ಯೂ ಅವರ ಅಭಿನಯದಲ್ಲಿ ಒಂದು ಸಂಯಮವಿದೆ. ಎಲ್ಲವನ್ನೂ ಬಲ್ಲವನ ಹೆಮ್ಮೆಯನ್ನು ತುಸು ನಗೆಯಿಂದ ಮರೆಮಾಡುವ ಆ ರೀತಿಯಿಂದಲೇ ರಘು ಉಪದೇಶಕನಾಗದೆ ಉಳಿಯುತ್ತಾನೆ.

ಇದೇ ಕಥಾವಸ್ತುವನ್ನು ಸಡಿಲವಾಗಿ ಬಳಸಿಕೊಂಡ ಡೇವಿಡ್ ಧವನ್ ಅವರ 1997ರ 'ಹೀರೋ ನಂ. 1'ರಲ್ಲಿ ಸೇವಕನ ವೇಷ ಹಾಕುವವನು ಶ್ರೀಮಂತ ಉದ್ಯಮಿಯ ಮಗ. ಅವನ ಉದ್ದೇಶ ಪ್ರೀತಿಸಿದ ಹುಡುಗಿಯ ಮನೆಯವರನ್ನು ಒಲಿಸಿಕೊಳ್ಳುವುದು. ಈ ಮೂರು ಚಿತ್ರಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. 1966ರಲ್ಲಿ ಸೇವಕನ ಮೂಲ ಅಜ್ಞಾತ. 1972ರಲ್ಲಿ ಅವನು ವಿದ್ವಾಂಸ. 1997ರಲ್ಲಿ ಕೋಟ್ಯಧೀಶನ ವಾರಸುದಾರ. ರೂಪಾಂತರದಿಂದ ರೂಪಾಂತರಕ್ಕೆ ವೇಷದ ಹಿಂದಿನ ಅಂತಸ್ತು ಏರುತ್ತ ಹೋಗಿದೆ, ವೇಷಕ್ಕೆ ವಸ್ತುವಾದ ದುಡಿಮೆ ಕಥೆಯಿಂದ ಹಿಂದೆ ಸರಿಯುತ್ತ ಹೋಗಿದೆ.

ಕನ್ನಡದಲ್ಲಿ ಸುದೀಪ್ ಅವರು 2007ರಲ್ಲಿ 'ನಂ. 73, ಶಾಂತಿ ನಿವಾಸ' ಎಂಬ ಹೆಸರಿನಿಂದ 'ಬಾವರ್ಚಿ'ಯನ್ನು ಮರುನಿರ್ಮಿಸಿದರು. 2006ರ 'ಮೈ ಆಟೋಗ್ರಾಫ್' ನಂತರ ಅವರು ನಿರ್ದೇಶಿಸಿದ ಚಿತ್ರವಿದು. ಬಾಣಸಿಗನ ಪಾತ್ರವೂ ಅವರದೇ. ಇಲ್ಲಿ ವಿಮರ್ಶೆಯ ಗಮನಕ್ಕೆ ಬರಬೇಕಾದುದು ಶೀರ್ಷಿಕೆಯ ಪಲ್ಲಟ. ಬಂಗಾಳಿಯ ಶೀರ್ಷಿಕೆ ಕಥನದ ಸ್ವರೂಪವನ್ನು ಹೇಳಿತು. ಹಿಂದಿಯ ಶೀರ್ಷಿಕೆ ಅಡುಗೆಯವನನ್ನು ಹೆಸರಿಸಿತು. ಕನ್ನಡದ ಶೀರ್ಷಿಕೆ ಮನೆಯ ವಿಳಾಸವನ್ನು ನೀಡಿತು. ಕೇಂದ್ರವು ವ್ಯಕ್ತಿಯಿಂದ ಮನೆಗೆ ಸರಿದಿದೆ. ಮಾರುಕಟ್ಟೆಯ ದೃಷ್ಟಿಯಿಂದ ಇದೊಂದು ಸಹಜ ಆಯ್ಕೆಯಾಗಿರಬಹುದು. ಆದರೆ ಅರಿತೋ ಅರಿಯದೆಯೋ ಅದು ಮೂಲಕಥೆಯ ಬಗೆಗಿನ ಒಂದು ಪ್ರಾಮಾಣಿಕ ಹೇಳಿಕೆಯೂ ಆಗಿದೆ. ಏಕೆಂದರೆ ಹಿಂದಿ ಚಿತ್ರವೂ ಅಡುಗೆಯವನ ಹೆಸರಿನಲ್ಲಿ ಹೇಳಿದ್ದು ಮನೆಯ ಕಥೆಯನ್ನೇ. ಮನೆ ಉಳಿಯಿತು, ಅಡುಗೆಯವನು ಹೊರಟುಹೋದನು.

6. ರಘು ಹೋದ ಮರುದಿನ

ಚಿತ್ರವನ್ನು ಇಂದು ನೋಡುವವರಿಗೆ ಮೂಡುವ ಇನ್ನೊಂದು ಪ್ರಶ್ನೆಯೆಂದರೆ, ರಘು ಹೋದ ಮರುದಿನ ಬೆಳಿಗ್ಗೆ ಚಹಾ ಮಾಡುವವರು ಯಾರು ಎಂಬುದು. ಮನೆಯವರು ಕೆಲಸ ಹಂಚಿಕೊಳ್ಳಲು ಕಲಿತಿದ್ದಾರೆಂಬುದು ಚಿತ್ರದ ಉತ್ತರ. ಆದರೆ ಗಂಡಸರು ಒಲೆಯ ಮುಂದೆ ನಿಲ್ಲಬೇಕೆಂಬುದನ್ನು ಅದು ಆದರ್ಶವಾಗಿ ಮುಂದಿಡುವುದಿಲ್ಲ. ಚಿತ್ರದಲ್ಲಿ ಕೈಚಳಕದಿಂದ ಅಡುಗೆ ಮಾಡುವ ಏಕೈಕ ಪುರುಷ ಸಂಬಳಕ್ಕೆ ಬಂದವನು, ಅವನೂ ವೇಷಧಾರಿ. ಹಾಗಾದರೆ ಕಥೆ ಆರಂಭವಾಗುವ ಮೊದಲೇ ಆ ಮನೆಯ ಒಲೆಯನ್ನು ನಡೆಸಿಕೊಂಡು ಬಂದ ನಿಜವಾದ ಬಾಣಸಿಗಳು ಕೃಷ್ಣೆ. ಅವಳಿಗೆ ವೇಷವಿಲ್ಲ, ಸಂಬಳವಿಲ್ಲ, ಮುಂದಿನ ಮನೆಗೆ ಹೊರಟುಹೋಗುವ ಸ್ವಾತಂತ್ರ್ಯವೂ ಇಲ್ಲ. ರಘುವಿನಲ್ಲಿ ಪ್ರತಿಭೆಯೆನಿಸಿದುದು ಅವಳಲ್ಲಿ ಕರ್ತವ್ಯವೆನಿಸುತ್ತದೆ. ಚಿತ್ರ ಅವಳಿಗೆ ಕೊಡುವ ಬಿಡುಗಡೆ ಮದುವೆ. ಎಂದರೆ ಇನ್ನೊಂದು ಮನೆಯ ಅಡುಗೆಕೋಣೆ.

ಜಿಯೋ ಬೇಬಿ ಅವರ 2021ರ ಮಲಯಾಳಂ ಚಿತ್ರ 'ದ ಗ್ರೇಟ್ ಇಂಡಿಯನ್ ಕಿಚನ್' ಈ ಬಿಟ್ಟುಹೋದ ಪುಟವನ್ನೇ ತೆರೆದು ತೋರಿಸಿತು. ಅಲ್ಲಿ ರಘುವಿನಂತಹ ಯಾರೂ ಬರುವುದಿಲ್ಲ. ಹೆಚ್ಚುವುದು, ರುಬ್ಬುವುದು, ಬೇಯಿಸುವುದು, ಬಳಿಯುವುದು ದಿನವೂ ಮರುಕಳಿಸುತ್ತವೆ. ಅನ್ನ ಸೌದೆಯೊಲೆಯ ಮೇಲೆಯೇ ಬೇಯಬೇಕೆನ್ನುವ ಮಾವನ ಮೃದುವಾದ ಮಾತು ಆಜ್ಞೆಗಿಂತ ಕಠಿಣವಾಗಿರುತ್ತದೆ. ಆ ಚಿತ್ರವನ್ನು ಕುರಿತೂ ಪ್ರೇಕ್ಷಕರು ಇಬ್ಭಾಗವಾದರು. ಅದನ್ನು ನೋಡಿದ ಬಳಿಕ 'ಬಾವರ್ಚಿ'ಯ ಬೆಳಗಿನ ಹಾಡಿನ ಮಾಧುರ್ಯ ಕಡಿಮೆಯಾಗುವುದಿಲ್ಲ. ಆದರೆ ಹಾಡು ಮುಗಿದ ಮೇಲೆ ಪಾತ್ರೆಗಳನ್ನು ತೊಳೆದವರಾರು ಎಂಬ ಪ್ರಶ್ನೆಯನ್ನು ಕೇಳದಿರುವುದು ಕಷ್ಟವಾಗುತ್ತದೆ.

ವೇಷವಿಲ್ಲದ ಬಾಣಸಿಗನ ಕಥೆ ವಾಸ್ತವದಲ್ಲಿ ಇಲ್ಲದಿಲ್ಲ. ಕರಾವಳಿಯ ಕೋಟ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು 1920ರ ಸುಮಾರಿಗೆ ಬೆಂಗಳೂರಿಗೆ ಬಂದು ಗಣ್ಯರ ಮನೆಗಳಲ್ಲಿ ಅಡುಗೆಯವರಾಗಿ ದುಡಿದರು. ರಘು ಕಥೆಯಾಗಿ ಹೇಳುತ್ತಿದ್ದುದನ್ನು ಅವರು ಬದುಕಿದರು. 1924ರಲ್ಲಿ ಅವರು ಆರಂಭಿಸಿದ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಮನೆಮಾತಾಯಿತು. ಅಡುಗೆಮನೆಯ ಆಳಾಗಿ ದುಡಿಮೆ ಆರಂಭಿಸಿದ ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. ಇವರ ಗೌರವಕ್ಕೆ ಬೇರೊಂದು ಗುರುತಿನ ಅಗತ್ಯ ಬೀಳಲಿಲ್ಲ. ಆದರೆ ಇವರ ಹೆಸರು ಉಳಿದುದು ಇವರು ಮಾಲೀಕರಾದ ಮೇಲೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಇವರೊಡನೆ ಒಲೆಯ ಮುಂದೆ ನಿಂತು, ಕೊನೆಯವರೆಗೂ ಅಡುಗೆಯವರಾಗಿಯೇ ಉಳಿದವರ ಹೆಸರುಗಳನ್ನು ನಾವು ಹೇಳಲಾರೆವು. ಆದುದರಿಂದ 'ಬಾವರ್ಚಿ'ಯ ಅಂತ್ಯವನ್ನು ಟೀಕಿಸುವ ಸಮಾಜವೂ ಆ ಅಂತ್ಯದಲ್ಲಿ ಪಾಲುದಾರನೇ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. 'ಬಾವರ್ಚಿ'ಯನ್ನು ಕುರಿತ ಎರಡು ಅಭಿಪ್ರಾಯಗಳಲ್ಲಿ ಒಂದನ್ನು ಸರಿಯೆಂದೂ ಇನ್ನೊಂದನ್ನು ತಪ್ಪೆಂದೂ ಹೇಳುವುದು ಕೃತಿಗೆ ನ್ಯಾಯ ಒದಗಿಸಿದಂತಾಗುವುದಿಲ್ಲ. ಚಿತ್ರದ ಬಹುಭಾಗ ಅಡುಗೆಯವನನ್ನು ಗೌರವಿಸುತ್ತದೆ. ಅದರ ಅಂತ್ಯ ಆ ಗೌರವಕ್ಕೆ ಪದವಿಯ ಜಾಮೀನು ಕೇಳುತ್ತದೆ. ಮೊದಲನೆಯದನ್ನು ಕಂಡವರು ಮೆಚ್ಚಿದರು, ಎರಡನೆಯದನ್ನು ಕಂಡವರು ಆಕ್ಷೇಪಿಸಿದರು. ನಳ, ಭೀಮರ ಕಾಲದಿಂದಲೂ ಬಂದಿರುವ ಈ ಇಬ್ಬಂದಿತನವನ್ನು ಚಿತ್ರ ಮೀರಲಿಲ್ಲ ಎಂಬುದು ಅದರ ಮಿತಿ. ಆದರೆ ಅದನ್ನು ನಮ್ಮ ಕಣ್ಣಿಗೆ ಬೀಳುವಂತೆ ಮಾಡಿತು ಎಂಬುದು ಅದರ ಸಾರ್ಥಕತೆ.

ಕಲಾಕೃತಿಯಾಗಿ ಬಂಗಾಳಿ ಮೂಲ ಹೆಚ್ಚು ಸಂಯಮದ್ದು, ಹೆಚ್ಚು ಧೈರ್ಯದ್ದು ಎಂಬುದು ಈ ಲೇಖಕನ ಅಭಿಪ್ರಾಯ. ಮಂಜಿನೊಳಗಿನಿಂದ ಬಂದವನ ಪೂರ್ವೋತ್ತರವನ್ನು ಕೇಳದೆ ಅವನ ಅನ್ನವನ್ನೂ ಮಾತನ್ನೂ ಸ್ವೀಕರಿಸುವುದನ್ನು ಅದು ಪ್ರೇಕ್ಷಕನಿಗೆ ಕಲಿಸುತ್ತದೆ. ಹಿಂದಿ ಚಿತ್ರ ಅವನ ಗುರುತು ಕೇಳಿತು. ದೊರೆತ ಉತ್ತರದಿಂದ ಮನೆಯವರಿಗೆ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನಾವೂ ಹಂಚಿಕೊಳ್ಳುತ್ತೇವೆಯೇ ಎಂಬುದರ ಮೇಲೆ, ನಮ್ಮ ಮನೆಗಳಲ್ಲಿ ದಿನವೂ ಬೇಯಿಸಿ ಬಡಿಸುವವರನ್ನು ನಾವು ಹೇಗೆ ಕಾಣುತ್ತೇವೆ ಎಂಬುದು ನಿಂತಿದೆ. ಅವರು ಪ್ರೊಫೆಸರುಗಳಲ್ಲ, ಅರಸರೂ ಅಲ್ಲ. ಅವರ ಕೆಲಸಕ್ಕೆ ಸಲ್ಲಬೇಕಾದ ಕೂಲಿ ಮತ್ತು ಗೌರವ ಇವೆರಡೂ ಅಂತಹ ಗುರುತನ್ನು ಕಾಯದೆ ಸಲ್ಲಬೇಕಾದವುಗಳು.